ಕಿಡಿ ಹಾರುವ ಮುನ್ನ ಪಾಲಿಸಿ ತೆಗೆದು ಓದಿ

ಮನೆಯ ವಿಮೆಯನ್ನು ಇನ್ನು ನವೀಕರಿಸುವುದಿಲ್ಲ ಎಂದು ಕಂಪನಿಯಿಂದ ಪತ್ರ ಬಂದರೆ ಕ್ಯಾಲಿಫೋರ್ನಿಯಾದಲ್ಲಿ ಕೈಯಲ್ಲಿರುವುದು ಸುಮಾರು 75 ದಿನ. ನಮ್ಮ ಮನೆ ಸ್ಯಾನ್ ಹೊಸೆಯ ಪೂರ್ವಕ್ಕಿರುವ ಗುಡ್ಡದಂಚಿನಲ್ಲಿದೆ. ಮೇ ಮುಗಿಯುವ ಹೊತ್ತಿಗೆ ಹಿತ್ತಿಲಾಚೆಯ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ಅಂಥ ಪತ್ರ ನಮಗೂ ಬಂತು. ವಿಮೆ ಬೇಡವೆಂದು ಸುಮ್ಮನಿರುವ ಹಾಗಿಲ್ಲ. ಸಾಲ ಕೊಟ್ಟ ಬ್ಯಾಂಕು ತಾನೇ ದುಬಾರಿ ವಿಮೆ ಮಾಡಿಸಿ ಖರ್ಚನ್ನು ನಮ್ಮ ಕಂತಿಗೆ ಸೇರಿಸುತ್ತದೆ.

ಬೇರೆ ಯಾರೂ ವಿಮೆ ಕೊಡದಿದ್ದರೆ ಕೊನೆಯ ಆಸರೆ 1968ರಿಂದ ಇರುವ ಫೇರ್ ಪ್ಲ್ಯಾನ್. ಇದು ಸರ್ಕಾರದ್ದಲ್ಲ, ವಿಮಾ ಕಂಪನಿಗಳೆಲ್ಲ ಸೇರಿ ನಡೆಸುವ ವ್ಯವಸ್ಥೆ. ಬೆಂಕಿ, ಹೊಗೆಯ ಹಾನಿಗೆ ಪರಿಹಾರ ಸಿಗುತ್ತದೆ. ಕಳವಾದರೆ, ಪೈಪ್ ಒಡೆದರೆ, ಮೆಟ್ಟಿಲಲ್ಲಿ ನೆಂಟರು ಜಾರಿಬಿದ್ದರೆ ಸಿಗದು. ಅದಕ್ಕೆ ಇನ್ನೊಂದು ಪೂರಕ ಪಾಲಿಸಿ ಬೇಕು. ನಾವು ಎರಡನ್ನೂ ಕೊಂಡೆವು. ಪ್ರೀಮಿಯಂ ಮೊದಲಿನ ದುಪ್ಪಟ್ಟು ದಾಟಿತು.

ಪ್ರೀಮಿಯಂಗಿಂತ ದೊಡ್ಡ ವಿಷಯ ವಿಮೆಯ ಮೊತ್ತ. ಇಲ್ಲಿ ಮನೆಯ ಮಾರುಕಟ್ಟೆ ಬೆಲೆಯಲ್ಲಿ ಬಹುಪಾಲು ನಿವೇಶನದ್ದು, ನೆಲವಂತೂ ಸುಡುವುದಿಲ್ಲ. ಹಾಗಾಗಿ ನೋಡಬೇಕಾದ್ದು ಅದೇ ಮನೆಯನ್ನು ಮತ್ತೆ ಕಟ್ಟಲು ಇವತ್ತು ಎಷ್ಟಾಗುತ್ತದೆ ಎಂಬುದನ್ನು. 2018ರ ನವೆಂಬರ್‌ನಲ್ಲಿ ಇದೇ ರಾಜ್ಯದ ಪ್ಯಾರಡೈಸ್ ಕಾಡ್ಗಿಚ್ಚಿಗೆ ಊರಿಗೆ ಊರೇ ಸುಟ್ಟಿತು, 85 ಮಂದಿ ಸತ್ತರು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ 16,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಅಷ್ಟು ಮನೆಗಳು ಒಟ್ಟಿಗೇ ಏಳಬೇಕಾದಾಗ ಮರ, ಕೂಲಿ ಎಲ್ಲವೂ ತುಟ್ಟಿ. ಅದಕ್ಕೇ ಏಜೆಂಟರನ್ನು ಬಿಡದೆ ಕೇಳಿ: ಮೊತ್ತ ಸಾಲದೆ ಹೋದರೆ ಮೇಲೆ ಶೇಕಡಾ ಎಷ್ಟು ಕೊಡುತ್ತೀರಿ? ಹೊಸ ಕಟ್ಟಡ ನಿಯಮಗಳ ಖರ್ಚು ಯಾರದು? ಮನೆ ಏಳುವ ತನಕ ಬಾಡಿಗೆ ಎಷ್ಟು ಕಾಲ? ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಇನ್ನು ಮನೆಯ ಕೆಲಸ. ಬೆಂಕಿಯ ಜ್ವಾಲೆಗಿಂತ ಗಾಳಿಯಲ್ಲಿ ಹಾರಿಬರುವ ಕಿಡಿಗಳೇ ಹೆಚ್ಚು ಮನೆ ಸುಡುತ್ತವೆ. ಮೈಲಿಗೂ ಮಿಕ್ಕಿ ಹಾರಿ ಬರುತ್ತವೆ. ಅವು ಕೂತು ಹೊತ್ತಿಕೊಳ್ಳುವುದು ಗೋಡೆಗೆ ತಾಗಿದ ಮೊದಲ ಐದಡಿಯಲ್ಲಿ. ಆ ಐದಡಿಯಿಂದ ತೊಗಟೆ ಚೂರುಗಳನ್ನು ತೆಗೆಸಿ ಜಲ್ಲಿ ಹಾಕಿಸಿದೆವು. ಅಟ್ಟದ ಗಾಳಿಕಿಂಡಿಗಳಿಗೆ 1/8 ಇಂಚು ಕಣ್ಣಿನ ಲೋಹದ ಜಾಲರಿ ಬಂತು. ಸೂರಿನ ದೋಣಿಯ ತರಗೆಲೆ ನಾನೇ ಏಣಿ ಹತ್ತಿ ತೆಗೆದೆ. ನಮ್ಮವರ ಮನೆಬಾಗಿಲಲ್ಲಿ ಇನ್ನೆರಡು ಇರುತ್ತವೆ: ತೆಂಗಿನ ನಾರಿನ ಕಾಲೊರಸು ಮತ್ತು ಯುಗಾದಿಗೆ ಕಟ್ಟಿದ ಮಾವಿನ ತೋರಣ. ಜುಲೈ ಹೊತ್ತಿಗೆ ಆ ಎಲೆ ಮುಟ್ಟಿದರೆ ಪುಡಿಯಾಗುತ್ತದೆ. ಹಬ್ಬ ಮುಗಿದ ಮೇಲೆ ದಯವಿಟ್ಟು ಬಿಚ್ಚಿಬಿಡಿ. ಇಂಥ ಕೆಲಸಗಳಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡಬೇಕೆಂದು 2022ರಿಂದ ರಾಜ್ಯದ ನಿಯಮವೇ ಇದೆ. ಫೋಟೊ, ಬಿಲ್ ಇಟ್ಟುಕೊಂಡು ಕೇಳಿ ಪಡೆಯಿರಿ.

ಒಂದು ಭಾನುವಾರ ಮಗಳು ಫೋನ್ ಹಿಡಿದು ಕೋಣೆ ಕೋಣೆ ಸುತ್ತಿ, ಕಪಾಟು, ಡ್ರಾಯರ್ ತೆಗೆದು ವಿಡಿಯೊ ಮಾಡಿದಳು. ದೇವರ ಮನೆಯ ಬೆಳ್ಳಿ ದೀಪ, ಅಜ್ಜಿಯ ಅವಲಕ್ಕಿ ಸರ, ರೇಷ್ಮೆ ಸೀರೆಗಳು ಎಲ್ಲ ಅದರಲ್ಲಿವೆ. ಚಿನ್ನ, ಬೆಳ್ಳಿಗೆ ಪಾಲಿಸಿಗಳಲ್ಲಿ ಬೇರೆಯೇ ಮಿತಿ ಇರಬಹುದು. ಬೆಲೆ ಕಟ್ಟಿಸಿ ಪ್ರತ್ಯೇಕವಾಗಿ ನಮೂದಿಸುವುದು ಮೇಲು. ಪಾಸ್‌ಪೋರ್ಟ್, ಒಸಿಐ ಕಾರ್ಡ್, ಊರಿನ ಜಮೀನಿನ ಪತ್ರ ಒಂದೇ ಚೀಲದಲ್ಲಿರಲಿ, ಸ್ಕ್ಯಾನ್ ಪ್ರತಿಗಳು ಕ್ಲೌಡ್‌ನಲ್ಲಿರಲಿ. ಬಾಡಿಗೆ ಮನೆಯವರೇ, ಮಾಲೀಕರ ವಿಮೆ ನಿಮ್ಮ ಸಾಮಾನಿಗೆ ಬರುವುದಿಲ್ಲ. ಬಾಡಿಗೆದಾರರ ವಿಮೆ ಮನೆ ವಿಮೆಗಿಂತ ಬಹಳ ಅಗ್ಗ, ಇಂದೇ ಮಾಡಿಸಿ.

ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ನಾವಿಬ್ಬರೂ ಆಫೀಸಿನಲ್ಲಿದ್ದಾಗ ಮನೆ ಬಿಡಿ ಎಂಬ ಸೂಚನೆ ಬಂದರೆ ಕಾರು ಓಡಿಸಲು ಬಾರದ ಅವರು ಹೇಗೆ ಹೊರಡಬೇಕು? ಎರಡು ಮನೆ ಆಚೆಯ ದಂಪತಿಗೆ ನಮ್ಮ ಕೀಲಿ ಕೊಟ್ಟಿದ್ದೇವೆ. ಅಪ್ಪನ ಬಿಪಿ ಮಾತ್ರೆ, ಎನ್95 ಮಾಸ್ಕ್, ಸ್ವಲ್ಪ ನಗದು ಬಾಗಿಲ ಪಕ್ಕದ ಚೀಲದಲ್ಲಿವೆ. ಅಮ್ಮನ ಫೋನ್‌ನಲ್ಲಿ ಆ ದಂಪತಿಯ ನಂಬರ್ ಮೊದಲು ಬರುವಂತೆ ಹಾಕಿದ್ದೇವೆ.

ಇದನ್ನೆಲ್ಲ ಜೂನ್‌ಗೆ ಮುಂಚೆಯೇ ಮಾಡಿ. ಹತ್ತಿರದಲ್ಲಿ ಕಾಡ್ಗಿಚ್ಚು ಹತ್ತಿದ ಮೇಲೆ ಕಂಪನಿಗಳು ಸಾಮಾನ್ಯವಾಗಿ ಹೊಸ ಪಾಲಿಸಿ ಬರೆಯುವುದನ್ನೂ ಹಳೆಯದರ ಮೊತ್ತ ಏರಿಸುವುದನ್ನೂ ನಿಲ್ಲಿಸಿಬಿಡುತ್ತವೆ.