ಪರಭಾಷಾ ಬೋಧನೆಯ ನೂತನ ಕ್ರಮ

ಹೆಣ್ಣುಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕೆಂಬ ವಿಷಯದಲ್ಲಿ ತಾಯ್ತಂದೆಗಳಿಗೆ ಸಂದೇಹವಿಲ್ಲ. ಮಹದೇವಪುರ, ವೈಟ್‌ಫೀಲ್ಡ್ ಪ್ರಾಂತದ ಕಚೇರಿಗಳಲ್ಲಿ ಉದ್ಯೋಗವನ್ನರಸುವವರಿಗೆ ಆ ಭಾಷೆಯ ಅವಶ್ಯಕತೆಯು ಸರ್ವವಿದಿತ. ಆದರೆ ವ್ಯಾಕರಣದ ಪ್ರಶ್ನೆಗಳಿಗೆ ತಪ್ಪಿಲ್ಲದೆ ಉತ್ತರ ಬರೆಯುವ ಬಾಲಕಿಯೂ, ಅಪರಿಚಿತರು ಇಂಗ್ಲಿಷಿನಲ್ಲಿ ದಾರಿ ಕೇಳಿದರೆ ತುಟಿ ಬಿಚ್ಚದೆ ನಿಲ್ಲುವುದುಂಟು. ಇದಕ್ಕೆ ಅವಳ ಬುದ್ಧಿಯನ್ನು ದೂಷಿಸದೆ, ಬೋಧನಾಕ್ರಮವನ್ನೇ ವಿಚಾರಿಸುವುದು ಯುಕ್ತ.

ಪರಭಾಷೆಯನ್ನು ಕಲಿಸಲು ಮೂರು ಹಳೆಯ ಕ್ರಮಗಳುಂಟು. ನಿಯಮವನ್ನೂ ಪದಪಟ್ಟಿಯನ್ನೂ ಬಾಯಿಪಾಠ ಮಾಡಿಸಿ ಭಾಷಾಂತರ ಮಾಡಿಸುವುದು ಮೊದಲನೆಯದು. ಮಾತೃಭಾಷೆಯನ್ನು ದೂರವಿಟ್ಟು, ವಸ್ತುಗಳನ್ನೂ ಚಿತ್ರಗಳನ್ನೂ ತೋರಿಸಿ ನೇರವಾಗಿ ಮಾತನಾಡಿಸುವುದು ಎರಡನೆಯದು. ಒಂದೊಂದೇ ವಾಕ್ಯರಚನೆಯನ್ನು ಹಲವು ಸಾರಿ ಹೇಳಿಸಿ ರೂಢಿಮಾಡಿಸುವುದು ಮೂರನೆಯದು. ಇವುಗಳಲ್ಲಿ ಗುಣಗಳಿಲ್ಲದಿಲ್ಲ. ಆದರೂ ಮೂರರಲ್ಲಿಯೂ ಮಗುವಿನ ಗಮನವು ಹೇಳಬೇಕಾದ ವಿಷಯಕ್ಕಿಂತ ಭಾಷೆಯ ರೂಪದ ಮೇಲೆಯೇ ಹೆಚ್ಚಾಗಿ ನಿಲ್ಲುತ್ತದೆ.

ಈ ಕೊರತೆಯನ್ನು ನೀಗಿಸುವ ಪ್ರಸಿದ್ಧ ಪ್ರಯೋಗವೊಂದು ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತಿದೆಯೆಂಬುದು ಅಭಿಮಾನದ ಸಂಗತಿ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇದನ್ನು ನಡೆಯಿಸಿದರು. ವಿದ್ವಾಂಸರು ಇದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಕರೆಯುತ್ತಾರೆ. ಮನಸ್ಸು ಅರ್ಥದಲ್ಲಿ ತೊಡಗಿದಾಗಲೇ ಭಾಷೆಯ ರೂಪವು ಚೆನ್ನಾಗಿ ನೆಲೆಗೊಳ್ಳುತ್ತದೆಂಬುದು ಅವರ ಸಿದ್ಧಾಂತ. 1987ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರವಿದೆ.

ಅವರ ಕ್ರಮವು ಸರಳ. ಉಪಾಧ್ಯಾಯಿನಿಯು ಮೊದಲು ಒಂದು ಸಮಸ್ಯೆಯನ್ನು ಇಡೀ ತರಗತಿಯೊಡನೆ ಪ್ರಶ್ನೋತ್ತರಗಳಿಂದ ಬಿಡಿಸುತ್ತಾಳೆ. ಅನಂತರ ಅದೇ ಬಗೆಯ ಮತ್ತೊಂದನ್ನು ಪ್ರತಿಯೊಬ್ಬ ಬಾಲಕಿಯೂ ತಾನೇ ಬಿಡಿಸಬೇಕು. ಉದಾಹರಣೆಗೆ, ಹಲವು ತರಗತಿಗಳ ವೇಳಾಪಟ್ಟಿಗಳನ್ನು ನೋಡಿ ಒಬ್ಬ ಅಧ್ಯಾಪಕರ ವೇಳಾಪಟ್ಟಿಯನ್ನು ರಚಿಸುವುದು. ತಪ್ಪಾಡಿದರೆ ಪಾಠವನ್ನು ನಿಲ್ಲಿಸಿ ನಿಯಮವನ್ನು ಬೋಧಿಸದೆ, ಸರಿಯಾದ ಮಾತನ್ನು ಸಹಜವಾಗಿ ಆಡಿ ಮುಂದುವರಿಯುವುದು.

ಇದಕ್ಕೆ ಬೆಲೆಯುಳ್ಳ ಉಪಕರಣಗಳು ಬೇಕಿಲ್ಲ. 2023ರಲ್ಲಿ ವೈಟ್‌ಫೀಲ್ಡಿಗೆ ಬಂದ ಮೆಟ್ರೋ ರೈಲಿನ ನಕ್ಷೆಯೊಂದೇ ಸಾಕು. “ಹೂಡಿಯಲ್ಲಿ ಹತ್ತಿದವಳು ಕುಂದಲಹಳ್ಳಿಯನ್ನು ದಾಟಿ ಎರಡನೆಯ ನಿಲ್ದಾಣದಲ್ಲಿ ಇಳಿದರೆ ಎಲ್ಲಿರುತ್ತಾಳೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ಮಗು ನಕ್ಷೆಯನ್ನು ನೋಡಿ ಯೋಚಿಸಿಯೇ ಉತ್ತರಿಸಬೇಕು. ಔಷಧಿಯ ಪೊಟ್ಟಣದ ಸೂಚನೆ, ಅಂಗಡಿಯ ಬೆಲೆಪಟ್ಟಿ ಮುಂತಾದವೂ ಹೀಗೆಯೇ ಉಪಯುಕ್ತ. ಮೊಬೈಲ್ ಫೋನು ಉಚ್ಚಾರಣೆಯನ್ನು ಕೇಳಿಸಲು ಒಳ್ಳೆಯ ಸಹಾಯಕ. ಆದರೆ ಉತ್ತರವನ್ನೂ ಅದೇ ಬರೆದುಕೊಟ್ಟರೆ ಯೋಚಿಸುವ ಶ್ರಮವು ತಪ್ಪಿ, ಆ ಶ್ರಮದ ಫಲವೂ ತಪ್ಪುತ್ತದೆ.

ಕೊನೆಯದಾಗಿ ಪೋಷಕರಲ್ಲಿ ಒಂದು ವಿಜ್ಞಾಪನೆ. ಇಂಗ್ಲಿಷಿನ ಮೋಹದಿಂದ ಮನೆಯಲ್ಲಿ ಕನ್ನಡವನ್ನಾಗಲಿ, ತೆಲುಗನ್ನಾಗಲಿ, ತಮಿಳನ್ನಾಗಲಿ ನಿಷೇಧಿಸಬೇಡಿರಿ. ಕಾರ್ಯಕಾರಣಗಳನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಹೊಸದಾಗಿ ಬೇಕಾದುದು ಮಾತು ಮಾತ್ರ. ವಿಚಾರವು ಆಗಲೇ ಸಿದ್ಧವಾಗಿರುತ್ತದೆ. ಮನೆಮಾತನ್ನು ಕಳೆದುಕೊಂಡವಳಿಗೆ ಅಜ್ಜಿಯೊಡನೆ ಆಡಲು ಮಾತಿಲ್ಲದಂತಾಗುತ್ತದೆ. ಆ ನಷ್ಟವನ್ನು ಯಾವ ಉದ್ಯೋಗವೂ ತುಂಬಿಕೊಡಲಾರದು. ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ದಿನವೂ ಸಂಜೆ ಕಾಲುಗಂಟೆ ಮಗಳ ಮಾತನ್ನು ಕೇಳಿರಿ. ತಪ್ಪನ್ನು ಎಣಿಸದೆ, ಅವಳು ಹೇಳಹೊರಟ ವಿಷಯಕ್ಕೆ ಉತ್ತರ ಕೊಡಿರಿ. ಶಾಲೆಯಲ್ಲಿ ನಾವು ಬಿತ್ತಿದುದು ಇದರಿಂದಲೇ ಬೇರೂರುವುದು.