ಧಾರವಾಡದ ಶಾಲೆಯ ಒಂದು ಅರ್ಜಿ

ನಾನು ಖಾನಾಪುರದಿಂದ ಬೆಳಗಾವಿಗೆ ದಿನಾ ಬಸ್ಸಿನಲ್ಲಿ ಬರುತ್ತೇನೆ. ಮಾರ್ಕ್ಸ್ ಕಾರ್ಡ್ ಕೊಟ್ಟೆ, ಕಾಮರ್ಸ್ ಸೀಟು ಸಿಕ್ಕಿತು. ಇದು ಯಾವಾಗಲೂ ಹೀಗೇ ಇತ್ತು ಅಂದುಕೊಂಡಿದ್ದೆ.

ಇಂದು ಕರ್ನಾಟಕ ವಿಶ್ವವಿದ್ಯಾಲಯವಿರುವ ಧಾರವಾಡದಲ್ಲಿ, 1856ರ ಜೂನ್‌ನಲ್ಲಿ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಅವನ ಕಡೆಗಿದೆ ಎಂದು ಸರ್ಕಾರವೇ ಒಪ್ಪಿತು. ಆದರೆ ಒಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರು ಎಂದು ಸುಮ್ಮನಾಯಿತು. ಡೆಬಿಟ್, ಕ್ರೆಡಿಟ್ ಓದುವ ನನಗೆ ಈ ಲೆಕ್ಕ ತಿಳಿಯುತ್ತದೆ. ಸಿಟ್ಟು ಬರುವುದೂ ಅದಕ್ಕೇ.

1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದರು. ಸುಮಾರು ನಲವತ್ತು ವರ್ಷ ಕಳೆದ ಮೇಲೂ ಬಾಲಕ ಅಂಬೇಡ್ಕರ್ ಸಾತಾರಾದ ಶಾಲೆಯಲ್ಲಿ ಬೇರೆಯಾಗಿ, ಗೋಣಿತಟ್ಟಿನ ಮೇಲೆ ಕೂರಬೇಕಾಯಿತು. ಆ ತಟ್ಟನ್ನು ಸಂಜೆ ಮನೆಗೆ ಒಯ್ದು ಮರುದಿನ ಅವರೇ ತರಬೇಕಿತ್ತು.