ತೊಗಲಿನ ಮೇಲೆ ಮೂಡಿದ ಮೃಗಪಕ್ಷಿಗಳು

ಕಲ್ಲು, ಮರ, ಲೋಹ, ದಂತ ಇವುಗಳಲ್ಲಿ ಮೃಗಪಕ್ಷಿಗಳ ಆಕೃತಿಗಳನ್ನು ಬಿಡಿಸಿದ ಶಿಲ್ಪಿಗಳನ್ನು ನಾವು ಬಹುಕಾಲದಿಂದ ಗೌರವಿಸುತ್ತ ಬಂದಿದ್ದೇವೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ರಾಶಿಕಂಬಗಳಲ್ಲಿ ಬಾಯೊಳಗೆ ಕಲ್ಲಿನ ಗುಂಡನ್ನು ಹಿಡಿದು ನಿಂತ ಸಿಂಹಗಳನ್ನೂ, ಅಧಿಷ್ಠಾನದ ಪಟ್ಟಿಕೆಗಳಲ್ಲಿ ಸಾಲಾಗಿ ಸಾಗುವ ಪ್ರಾಣಿಗಳನ್ನೂ ಕಂಡು ಬೆರಗಾಗದವರಿಲ್ಲ. ನೆರೆಯ ಮೆಣಸೆಯಂತಹ ಊರುಗಳ ಮಕ್ಕಳಿಗಂತೂ ಅವು ಹುಟ್ಟಿನಿಂದ ಪರಿಚಿತವಾದವು. ಆದರೆ ಅದೇ ಸಿಂಹ, ಅದೇ ಆನೆ ತೊಗಲಿನಲ್ಲಿ ಮೂಡಿದಾಗ ಅದನ್ನು ಶಿಲ್ಪವೆನ್ನಲು ನಮ್ಮ ನಾಲಗೆ ಹಿಂಜರಿಯುತ್ತದೆ. ಈ ಹಿಂಜರಿಕೆ ಕಲೆಯ ತಾರತಮ್ಯದಿಂದ ಹುಟ್ಟಿದುದಲ್ಲ. ಆ ವಸ್ತುವಿನ ಬಗೆಗೂ ಅದನ್ನು ಮುಟ್ಟಿ ದುಡಿಯುವ ಜನರ ಬಗೆಗೂ ಸಮಾಜವು ತಲೆತಲಾಂತರದಿಂದ ಬೆಳೆಸಿಕೊಂಡ ಅಸಡ್ಡೆಯಿಂದ ಹುಟ್ಟಿದುದು. ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಪದವಿಚಾರ

ಮೊದಲು ಪದಗಳನ್ನು ನೋಡೋಣ. ಹಳಗನ್ನಡದ ‘ತೊವಲ್’ ಎಂಬುದೇ ಇಂದಿನ ‘ತೊಗಲು’. ತಮಿಳಿನ ‘ತೋಲ್’, ತೆಲುಗಿನ ‘ತೋಲು’ ಇದರ ಸೋದರ ಪದಗಳು. ಆದುದರಿಂದ ಇದು ದ್ರಾವಿಡ ಭಾಷೆಗಳ ಮನೆಯ ಸೊತ್ತು. ಸಂಸ್ಕೃತದ ‘ಚರ್ಮಕಾರ’ ಶಬ್ದವು ಪ್ರಾಕೃತದ ದಾರಿ ಹಿಡಿದು ಬಂದು ನಮ್ಮಲ್ಲಿ ‘ಚಮ್ಮಾರ’ನಾಗಿದೆ. ಅಮರಕೋಶವು ಅಜಿನ, ಚರ್ಮ, ಕೃತ್ತಿ ಎಂಬ ಮೂರು ಪದಗಳನ್ನು ಒಟ್ಟಿಗೆ ಹೇಳುತ್ತದೆ. ಇವುಗಳಲ್ಲಿ ‘ಕೃತ್ತಿ’ ಎಂಬುದು ‘ಕತ್ತರಿಸು’ ಎಂಬ ಅರ್ಥದ ಧಾತುವಿನಿಂದ ಬಂದುದು. ಗಜಾಸುರನ ತೊಗಲನ್ನು ಹೊದ್ದ ಶಿವನು ‘ಕೃತ್ತಿವಾಸ’ನೆಂದು ಹೆಸರಾಗಿರುವುದು ಎಲ್ಲರಿಗೂ ತಿಳಿದದ್ದೇ. ಹೀಗೆ ತೊಗಲಿನ ಹೆಸರಿನೊಳಗೇ ಕತ್ತಿಯ ಕೆಲಸ ಅಡಗಿದೆ.

ಇನ್ನೊಂದು ಅಚ್ಚಗನ್ನಡ ಪದ ‘ಹದ’. ಭೂಮಿಗೆ ಹದ, ಪಾಕಕ್ಕೆ ಹದ, ಕುಡುಗೋಲಿನ ಬಾಯಿಗೆ ಹದ. ಹಾಗೆಯೇ ತೊಗಲಿಗೂ ಹದ. ಹಸಿ ತೊಗಲು ಕೊಳೆಯದಂತೆ ಮಾಡುವ ಕ್ರಿಯೆಗೆ ನಮ್ಮ ಜನ ಇಟ್ಟ ಹೆಸರು ‘ಹದ ಮಾಡುವುದು’. ತೊಗಲಿನಲ್ಲಿ ಮೃಗವನ್ನು ಮೂಡಿಸುವ ಎರಡು ಮಾರ್ಗಗಳ ಭೇದ ಈ ಹದವನ್ನೇ ಅವಲಂಬಿಸಿದೆ.

ಬೆಳಕಿನ ಮಾರ್ಗ

ಮೊದಲನೆಯದು ಹದ ಮಾಡದ ತೊಗಲನ್ನು ಕೊರೆಯುವ ಮಾರ್ಗ. ಕರ್ನಾಟಕದ ತೊಗಲುಗೊಂಬೆ ಇದಕ್ಕೆ ಶ್ರೇಷ್ಠ ನಿದರ್ಶನ. ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತರೆಂದು ಕರೆಯಿಸಿಕೊಳ್ಳುವ, ಮನೆಯಲ್ಲಿ ಮರಾಠಿಯ ಒಂದು ಉಪಭಾಷೆಯನ್ನಾಡುವ, ಆಟದಲ್ಲಿ ಕನ್ನಡವನ್ನು ಸೊಗಸಾಗಿ ನುಡಿಯುವ ಕುಟುಂಬಗಳು ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದಿವೆ. ಆಡಿನ ತೊಗಲನ್ನು ನೆನೆಹಾಕಿ, ಕೂದಲನ್ನೂ ಒಳಗಿನ ಮಾಂಸದ ಪೊರೆಯನ್ನೂ ಹೆರೆದು ತೆಗೆದು, ಗೂಟಗಳಿಗೆ ಬಿಗಿದು ಒಣಗಿಸುತ್ತಾರೆ. ಆಗ ಅದು ಎಣ್ಣೆಕಾಗದದಂತೆ ಬೆಳಕನ್ನು ಒಳಬಿಡುವ ಹಾಳೆಯಾಗುತ್ತದೆ. ಅದರ ಮೇಲೆ ಗೆರೆ ಎಳೆದು, ಮರದ ಅಡಿಮಣೆಯ ಮೇಲಿಟ್ಟು, ನಾನಾ ಬಾಯಿಗಳ ಉಳಿಗಳಿಂದ ತೂತು ಹೊಡೆದು ಕೊರೆಯುತ್ತಾರೆ. ಅರಗಿನ ಕೆಂಪು, ನೀಲಿಯ ಬಣ್ಣ, ದೀಪದ ಕಾಡಿಗೆ ಇವು ಹಿಂದಿನವರ ಬಣ್ಣಗಳು. ಬಣ್ಣವು ತೊಗಲಿನೊಳಗೆ ಇಳಿಯಬೇಕಲ್ಲದೆ ಮೇಲೆ ದಪ್ಪನಾಗಿ ಕೂರಬಾರದು. ಕೂತರೆ ಬೆಳಕು ತಡೆಯುತ್ತದೆ, ಗೊಂಬೆ ಕುರುಡಾಗುತ್ತದೆ.

ನಮ್ಮ ಗೊಂಬೆಗಳಲ್ಲಿ ಗಾತ್ರವು ಪಾತ್ರದ ಅಂತಸ್ತನ್ನು ಅನುಸರಿಸುತ್ತದೆ. ದೇವತೆಗಳು ಮತ್ತು ಅರಸರು ದೊಡ್ಡವರು, ಸೇವಕರು ಚಿಕ್ಕವರು. ಆದರೆ ರಾಮಾಯಣದ ಕಥೆಯಿಂದ ಪ್ರಾಣಿಗಳನ್ನು ತೆಗೆದುಬಿಟ್ಟರೆ ಉಳಿಯುವುದೇನು? ಮಾರೀಚನು ತಾಳಿದ ಹೊನ್ನಿನ ಜಿಂಕೆ, ರೆಕ್ಕೆ ಕತ್ತರಿಸಲ್ಪಟ್ಟ ಜಟಾಯು, ವಾಲಿ ಸುಗ್ರೀವರು, ಹನುಮಂತ, ಜಾಂಬವಂತ ಇವರೆಲ್ಲರೂ ತೊಗಲಿನಲ್ಲಿ ಮೂಡಿ ಪರದೆಯ ಮೇಲೆ ನಡೆದವರೇ. ಜಾವಾ ದ್ವೀಪದ ‘ವಯಾಂಗ್ ಕುಲಿತ್’ ಆಟದಲ್ಲಿಯೂ ಎಮ್ಮೆಯ ತೊಗಲಿನ ‘ಗುನುಂಗನ್’ ಎಂಬ ಪರ್ವತಾಕಾರದ ಫಲಕವುಂಟು. ಅದರ ಮರದ ಎಡಬಲಗಳಲ್ಲಿ ಹುಲಿಯೂ ಕಾಡೆತ್ತೂ ಎದುರುಬದುರಾಗಿ ನಿಲ್ಲುತ್ತವೆ. ‘ಕುಲಿತ್’ ಎಂದರೂ ತೊಗಲೆಂದೇ ಅರ್ಥ. ಆ ಕಲೆಯನ್ನು ಯುನೆಸ್ಕೋ ಸಂಸ್ಥೆಯು 2003ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು.

ಉಬ್ಬಿನ ಮಾರ್ಗ

ಎರಡನೆಯದು ಹದ ಮಾಡಿದ ದಪ್ಪ ತೊಗಲಿನ ಮೇಲೆ ಕೆತ್ತಿ ಉಬ್ಬಿಸುವ ಮಾರ್ಗ. ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಇವುಗಳ ಒಗರಿನಲ್ಲಿ ಹದಗೊಂಡ ತೊಗಲಿಗೆ ಒಂದು ವಿಶೇಷ ಗುಣವುಂಟು. ಅದನ್ನು ತೇವಗೊಳಿಸಿ ಒತ್ತಿದರೆ ಒತ್ತಿದ ಗುರುತು ಒಣಗಿದ ಮೇಲೂ ಹಾಗೆಯೇ ನಿಲ್ಲುತ್ತದೆ. ಕ್ರೋಮ್ ಲವಣದಿಂದ ಹದಗೊಂಡ ತೊಗಲು ಮೆತ್ತಗೂ ಬಾಳಿಕೆಯುಳ್ಳದ್ದೂ ಆದರೂ ಒತ್ತಿದ್ದನ್ನು ನೆನಪಿಟ್ಟುಕೊಳ್ಳುವುದಿಲ್ಲ, ಪುಟಿದು ಮೊದಲಿನಂತಾಗುತ್ತದೆ. ಮದರಾಸಿನಲ್ಲಿ ಕ್ರೋಮ್ ಹದವನ್ನು ಬಳಕೆಗೆ ತಂದ ಆಲ್ಫ್ರೆಡ್ ಚಾಟರ್ಟನ್ ಅವರೇ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದರು. ಹೊಸ ಹದ ವ್ಯಾಪಾರಕ್ಕೆ ಒದಗಿತು. ಕೆತ್ತನೆಗೆ ಮಾತ್ರ ಹಳೆಯ ತೊಗಟೆಯ ಹದವೇ ಬೇಕು.

ಕ್ರಮ ಹೀಗೆ: ತೊಗಲನ್ನು ಒದ್ದೆ ಮಾಡಿ, ಮೇಲ್ಮೈಯ ಬಣ್ಣ ಬಹುಮಟ್ಟಿಗೆ ಮೊದಲಿನಂತಾಗಿ, ಮುಟ್ಟಿದರೆ ಮಾತ್ರ ತಣ್ಣಗಿರುವವರೆಗೆ ಕಾಯಬೇಕು. ಹೆಚ್ಚು ಒದ್ದೆಯಿದ್ದರೆ ಗುರುತು ಕರಗುತ್ತದೆ, ಒಣಗಿದ್ದರೆ ತೊಗಲು ಬಗ್ಗದು. ಬಳಿಕ ಚಿತ್ರದ ಗೆರೆಯನ್ನು ಮೂಡಿಸಿ, ಚೂಪಾದ ಚೂರಿಯಿಂದ ತೊಗಲಿನ ದಪ್ಪದ ಅರ್ಧವನ್ನು ಮೀರದಂತೆ ಗೀರಬೇಕು. ಗೀರಿನ ಹೊರಬದಿಯನ್ನು ಮೊಂಡು ಉಳಿಯಿಂದ ಒತ್ತಿ ತಗ್ಗಿಸಿದರೆ ಒಳಗಿನ ಪ್ರಾಣಿ ತಾನಾಗಿ ಎದ್ದುನಿಲ್ಲುತ್ತದೆ. ಹೆಚ್ಚು ಉಬ್ಬು ಬೇಕಾದರೆ ಹಿಂಬದಿಯಿಂದ ಒತ್ತಿ, ಆದ ಗುಳಿಗೆ ತೊಗಲಿನ ಚೂರುಗಳನ್ನು ಅಂಟಿನಲ್ಲಿ ಕಲಸಿ ತುಂಬಬೇಕು. ಬಂಗಾಳದ ಶಾಂತಿನಿಕೇತನದ ಉಬ್ಬುಚಿತ್ರದ ಚೀಲಗಳು ಈ ಜಾತಿಯ ಕೆಲಸದಿಂದ ದೇಶದಲ್ಲೆಲ್ಲ ಹೆಸರಾದವು.

ಮೃಗಲಕ್ಷಣ

ಎರಡು ಮಾರ್ಗಗಳಿಗೂ ಸಮಾನವಾದ ನಿಯಮ ಒಂದೇ: ಪ್ರಾಣಿಯನ್ನು ಅದರ ಹೊರಗೆರೆಯಿಂದಲೇ ಗುರುತಿಸುವಂತಿರಬೇಕು. ಆದುದರಿಂದ ಪಕ್ಕದ ನೋಟವೇ ಮೇಲು. ಚುಕ್ಕೆಜಿಂಕೆಗೆ ಕೊಂಬಿನ ಕವಲು, ಕಾಟಿಗೆ ಬೆನ್ನಿನ ದಿಣ್ಣೆ, ಮಂಗಟ್ಟೆ ಹಕ್ಕಿಗೆ ಕೊಕ್ಕಿನ ಮೇಲಿನ ಶಿಖೆ, ಸಿಂಗಳೀಕಕ್ಕೆ ಮುಖದ ಸುತ್ತಲಿನ ನರೆಗೂದಲು ಮತ್ತು ತುದಿಯಲ್ಲಿ ಕುಚ್ಚುಳ್ಳ ಬಾಲ ಇವೇ ಲಕ್ಷಣಗಳು. ಜಿಂಕೆಯ ಚುಕ್ಕೆಯನ್ನು ಕೊರೆಯುವುದು ಸುಲಭ. ದುಂಡು ಉಳಿಯ ಒಂದು ಏಟು ಸಾಕು. ಹುಲಿಯ ಪಟ್ಟೆ ಕಷ್ಟ. ಉದ್ದವಾಗಿ ಸೀಳಿದರೆ ತೊಗಲು ಅಲ್ಲಿಂದಲೇ ಹರಿಯುತ್ತದೆ. ಹೀಗಾಗಿ ಒಂದೊಂದು ಪಟ್ಟೆಯನ್ನೂ ತುಂಡುತುಂಡಾಗಿ ಕೊರೆದು ನಡುನಡುವೆ ತೊಗಲಿನ ಸೇತುವೆಗಳನ್ನು ಉಳಿಸಬೇಕು. ಎಲ್ಲಿ ಕತ್ತರಿಸಬೇಕೆಂಬುದಕ್ಕಿಂತ ಎಲ್ಲಿ ಕತ್ತರಿಸಬಾರದೆಂಬ ಅರಿವು ಈ ವಿದ್ಯೆಯಲ್ಲಿ ದೊಡ್ಡದು.

ಜಿಂಕೆಯ ಪ್ರಶ್ನೆ

ಇಲ್ಲೊಂದು ಧರ್ಮಸೂಕ್ಷ್ಮವಿದೆ. ದೇವತೆಗಳ ಗೊಂಬೆಗಳಿಗೆ ಜಿಂಕೆಯ ತೊಗಲು ಶ್ರೇಷ್ಠವೆಂದು ಹಿಂದಿನವರು ನಂಬಿದ್ದರು. ಅದು ತೆಳು, ಬೆಳಕನ್ನು ಚೆನ್ನಾಗಿ ಒಳಬಿಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಆ ದಾರಿ ಮುಚ್ಚಿತು. ಕಾಡಿನ ಜಿಂಕೆಯನ್ನು ಕೊಂದು ಗೊಂಬೆಯ ಜಿಂಕೆಯನ್ನು ಮಾಡುವುದು ಇನ್ನು ಸಲ್ಲದು. ಕುದುರೆಮುಖ ಮತ್ತು ಭದ್ರಾ ಕಾಡುಗಳ ಸೆರಗಿನಲ್ಲಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಜನರಿಗೆ ಇದರ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಡಿನ ತೊಗಲಿನಿಂದ ಕಲೆಗೆ ನಷ್ಟವಾಗಲಿಲ್ಲ. ಕೈಯ ನೈಪುಣ್ಯವೇ ಮುಖ್ಯವೆಂಬುದು ಇನ್ನಷ್ಟು ಸ್ಪಷ್ಟವಾಯಿತು.

ನಿಜವಾದ ನಷ್ಟ ಬೇರೆಡೆ ಇದೆ. ರಾತ್ರಿಯ ಆಟಕ್ಕೆ ಪ್ರೇಕ್ಷಕರು ತಪ್ಪಿದ ಮೇಲೆ ಹಳೆಯ ಗೊಂಬೆಗಳು ಅಲಂಕಾರದ ವಸ್ತುಗಳಾಗಿ ಬಿಕರಿಯಾದವು. ಗಡಿಯಾಚೆಯ ಆಂಧ್ರದ ನಿಮ್ಮಲಕುಂಟದಲ್ಲಿ ಕಲಾವಿದರು ನವಿಲನ್ನೂ ಹಂಸವನ್ನೂ ದೀಪದ ಹೊದಿಕೆಗಳ ಮೇಲೆ ಕೊರೆದು ಬದುಕು ಕಟ್ಟಿಕೊಂಡರು. ಅದನ್ನು ಹಳಿಯುವಂತಿಲ್ಲ, ಹಸಿದ ಕೈಗೆ ಕೆಲಸ ಬೇಕು. ಆದರೆ ದೀಪದ ಹೊದಿಕೆಯ ನವಿಲಿಗೆ ಕಥೆಯಿಲ್ಲ, ಮಾತಿಲ್ಲ. ನಮ್ಮಲ್ಲಿ ಎಂ. ಎಸ್. ನಂಜುಂಡರಾಯರು ಊರೂರು ಅಲೆದು ಸಂಗ್ರಹಿಸಿದ ಗೊಂಬೆಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಉಳಿದಿವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯಿಂದ ಬಂದು ಈ ಆಟಕ್ಕೆ ಹೊಸ ಕಥೆಗಳನ್ನು ಕೊಟ್ಟು 2023ರಲ್ಲಿ ಕಾಲವಾದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಪ್ರಶಸ್ತಿ ಸಂದಿತು. ಗೌರವ ಬಂದಿತೆಂಬುದು ಸಂತೋಷ. ಅದು ಬರಲು ಇಷ್ಟು ವರ್ಷ ಹಿಡಿಯಿತೆಂಬುದು ನಾವು ಯೋಚಿಸಬೇಕಾದ ಮಾತು.

ಶಾಲೆಯ ಹೊಣೆ

ಶರಣರು ಈ ಪ್ರಶ್ನೆಯನ್ನು ಎಂದೋ ಇತ್ಯರ್ಥ ಮಾಡಿದ್ದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರು ತೊಗಲಿನ ಕಾಯಕದವರು. ಚೆನ್ನಯ್ಯನವರ ವಚನಗಳ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗೂಟಗಳ ಹೆಸರಿದೆ. ತನ್ನ ಉಪಕರಣಗಳನ್ನು ದೇವರ ಹೆಸರಿನೊಡನೆ ಸೇರಿಸಿ ನುಡಿಯುವ ಧೈರ್ಯ ಅದು. ಅವರ ವಚನಗಳನ್ನು ತರಗತಿಯಲ್ಲಿ ಬಾಯಿಪಾಠ ಮಾಡಿಸುವ ನಾವು ಅವರ ಉಳಿಯನ್ನು ಮಕ್ಕಳ ಕೈಗೆ ಕೊಡಲು ನಾಚಿದರೆ ಪಾಠ ಅರ್ಧಕ್ಕೇ ನಿಂತಂತೆ.

ಆರಂಭಕ್ಕೆ ಬಹಳ ಹಣ ಬೇಕಾಗಿಲ್ಲ. ಕೆಳ ತರಗತಿಗಳಲ್ಲಿ ದಪ್ಪ ರಟ್ಟಿನ ಮೇಲೆ ಜಿಂಕೆಯನ್ನೋ ಮಂಗಟ್ಟೆಯನ್ನೋ ಬಿಡಿಸಿ, ಕೊರೆದು, ಬಿಳಿಯ ಪಂಚೆಯ ಹಿಂದೆ ದೀಪವಿಟ್ಟು ತೋರಿಸಬಹುದು. ಮೇಲಿನ ತರಗತಿಗಳಲ್ಲಿ ತೊಗಟೆಯಿಂದ ಹದಗೊಂಡ ತೊಗಲಿನ ಚೂರುಗಳ ಮೇಲೆ ಉಬ್ಬುಕೆತ್ತನೆಯನ್ನು ಕಲಿಸಬಹುದು. ಚಪ್ಪಲಿ ಹೊಲಿಯುವವರಲ್ಲಿ ಇಂತಹ ಚೂರುಗಳು ದೊರೆಯುತ್ತವೆ. ಅವರನ್ನೇ ಒಂದು ದಿನ ಶಾಲೆಗೆ ಬರಮಾಡಿಕೊಂಡು, ಪಂಡಿತರು ಕೂರುವ ಕುರ್ಚಿಯಲ್ಲಿ ಕೂರಿಸಿ, ತೊಗಲಿನ ಹದವನ್ನು ಮಕ್ಕಳಿಗೆ ಹೇಳಿಸಬೇಕು. ಪ್ರವಾಸ ಹೋಗುವಾಗ ರಾಮನಗರದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳ ಮುಂದೆ ಅರ್ಧ ಗಂಟೆ ನಿಲ್ಲಿಸಬೇಕು. ಚಿತ್ರ ಬಿಡಿಸುವ ಮುನ್ನ ಪ್ರಾಣಿಯನ್ನು ನೋಡಿ ಬರಲು ಮಕ್ಕಳಿಗೆ ಹೇಳಬೇಕು. ಮಲೆನಾಡಿನ ಮಕ್ಕಳಿಗೆ ತೋಟದ ಬದಿಯ ಮರದಲ್ಲಿಯೇ ಕೆಂದಳಿಲು ಸಿಗುವಾಗ ಪುಸ್ತಕದ ಚಿತ್ರವನ್ನು ನಕಲು ಮಾಡುವುದೇಕೆ?

ಹಾಗೆ ನೋಡಿ ಕೆತ್ತಿದ ಬಾಲಕನು ಆ ಮೃಗಕ್ಕೆ ಕಲ್ಲೆಸೆಯಲಾರ. ಕೆತ್ತುವುದನ್ನು ಕಲಿಸಿದ ಕೈಯನ್ನು ಕೀಳೆಂದು ಕಾಣಲಾರ. ಈ ಎರಡು ಗುಣಗಳು ಬೆಳೆದರೆ ಶಾಲೆಯ ಶ್ರಮ ಸಾರ್ಥಕ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಒಂದು ಕೊಠಡಿ, ಹತ್ತು ಉಳಿಗಳು, ನಾಲ್ಕು ಅಡಿಮಣೆಗಳಷ್ಟಕ್ಕೆ ಮನಸ್ಸು ಮಾಡಿದರೆ ಮುಂದಿನ ಶಾಲಾ ವರ್ಷದಲ್ಲಿಯೇ ಈ ತರಗತಿ ನಡೆಯಬಹುದು.